ಅಂಗೈಯಲ್ಲಿ ತೂಗಿದ ಗುಂಡು

ಯಾವ ವಸ್ತುವನ್ನೂ ಅಂಗೈಯಲ್ಲಿಟ್ಟು ಎರಡು ಸಲ ಮೇಲಕ್ಕೆ ಚಿಮ್ಮಿ ನೋಡದೆ ನಂಬುವುದು ನನ್ನಿಂದಾಗದು. ಸೋಪು, ತೆಂಗಿನಕಾಯಿ, ಬೀಗ, ಕಡೆಗೆ ಮದುವೆಯ ಆಮಂತ್ರಣಪತ್ರಿಕೆಯೂ ಈ ಪರೀಕ್ಷೆಗೆ ಒಳಗಾಗಲೇಬೇಕು. ಪತ್ರಿಕೆ ಹಗುರವಾಗಿದ್ದರೆ ಊಟದಲ್ಲಿ ಸಿಹಿ ಒಂದೇ ಬಗೆ ಎಂದು ಮನೆಯಲ್ಲಿ ಮೊದಲೇ ಘೋಷಿಸಿಬಿಡುತ್ತೇನೆ. ಇದನ್ನು ದುರಭ್ಯಾಸವೆಂದು ಹಳಿಯಬೇಡಿ, ಇದು ವಂಶಪಾರಂಪರ್ಯ. ನಮ್ಮಪ್ಪ ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದರು. ರೈತರು ಚೀಲ ಇಳಿಸಿದೊಡನೆ ಒಂದು ಹಿಡಿ ಕಾಯಿ ತೆಗೆದು, ಅಂಗೈಯಲ್ಲಿ ಕುಲುಕಿ ತೂಗಿ, "ಜೊಳ್ಳು ಭಾಳ ಐತಲ್ರಿ ಗೌಡ್ರ" ಎಂದು ಮುಖ ಕಿವಿಚುವುದು ಅವರ ವೃತ್ತಿಧರ್ಮವಾಗಿತ್ತು. ಭಾರವಿದ್ದದ್ದು ಗಟ್ಟಿ, ಹಗುರವಿದ್ದದ್ದು ಮೋಸ. ನಮ್ಮ ಮನೆಯ ತತ್ವಶಾಸ್ತ್ರ ಇಷ್ಟರಲ್ಲೇ ಮುಗಿಯುತ್ತಿತ್ತು. ನಾನು ವ್ಯಾಪಾರ ಬಿಟ್ಟು ಹಗರಿಬೊಮ್ಮನಹಳ್ಳಿಯಲ್ಲಿ ಕನ್ನಡ ಮಾಸ್ತರನಾದರೂ ಅಂಗೈ ಮಾತ್ರ ವ್ಯಾಪಾರಿಯದೇ ಆಗಿ ಉಳಿಯಿತು. ಉತ್ತರಪತ್ರಿಕೆಗಳನ್ನೂ ತೂಗಿಯೇ ಅಂಕ ಕೊಡುತ್ತೇನೆಂದು ಮಕ್ಕಳು ಆಡಿಕೊಳ್ಳುತ್ತಿದ್ದರಂತೆ, ಪೂರ್ತಿ ಅಲ್ಲಗಳೆಯಲಾರೆ.

ಇಂಥವನ ಕೈಗೆ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಏರ್ ಗನ್ ಬಂತು. ಕೊಟ್ಟವನು ನನ್ನ ಬಾಲ್ಯದ ಗೆಳೆಯ ಕೊಟ್ರೇಶ. ಕೊಟ್ಟೂರಿನಲ್ಲಿ ಲೇತ್ ಅಂಗಡಿ ಇಟ್ಟುಕೊಂಡು ಸುತ್ತಿನ ಹಳ್ಳಿಗಳ ಪಂಪ್‌ಸೆಟ್ಟುಗಳನ್ನು ರಿಪೇರಿ ಮಾಡುವವನು. ಆ ದಿನಗಳಲ್ಲಿ ನಾವು ಏಳೆಂಟು ಜನ ಭಾನುವಾರಗಳಂದು ಹರಪನಹಳ್ಳಿಯ ಒಂದು ಖಾಲಿ ಗೋದಾಮಿನಲ್ಲಿ ಸೇರಿ, ಹೊಟ್ಟು ತುಂಬಿದ ಚೀಲಕ್ಕೆ ಕಾಗದ ಅಂಟಿಸಿ, ಗುರಿ ಹೊಡೆಯುವ ಹುಚ್ಚು ಹಚ್ಚಿಕೊಂಡಿದ್ದೆವು. ಇರುವೆ ತುಳಿದರೂ ಮರುಗುವ ಮನೆತನದವನಾದ ನನಗೆ ಕಾಗದವೇ ಪರಮಾವಧಿ ಬೇಟೆ. ಕೊಟ್ರೇಶ ತಾನು ಹೊಸ ಗನ್ ಕೊಂಡು, ವರ್ಷಗಟ್ಟಲೆ ಗುರಿ ತಪ್ಪದೆ ಹೊಡೆದಿದ್ದ ಹಳೆಯದನ್ನು ಒಂದು ಡಬ್ಬಿ ಪೆಲೆಟ್ಟಿನ, ಅಂದರೆ ಅದಕ್ಕೆ ಹಾಕುವ ಪುಟ್ಟ ಸೀಸದ ಗುಂಡುಗಳ, ಜೊತೆ ನನಗೆ ಪುಕ್ಕಟೆ ಕೊಟ್ಟ. ಪುಕ್ಕಟೆ ಎಂಬುದೇ ನನ್ನ ಮೊದಲ ಅನುಮಾನಕ್ಕೆ ಬೀಜವಾಯಿತು. ಅಷ್ಟು ಒಳ್ಳೆಯ ಗನ್ನನ್ನು ಬುದ್ಧಿ ನೆಟ್ಟಗಿರುವ ಯಾರಾದರೂ ಸುಮ್ಮನೆ ಕೊಡುತ್ತಾರೆಯೇ, ನೀವೇ ಹೇಳಿ!

ಮನೆಗೆ ಬಂದು ಡಬ್ಬಿ ತೆರೆದು ಪೆಲೆಟ್ಟುಗಳನ್ನು ಅಂಗೈಗೆ ಸುರಿದುಕೊಂಡೆ. ಸೊಂಟ ಸಣ್ಣ, ಹಿಂಭಾಗ ಪೊಳ್ಳು, ತೂಕವೆಂಬುದೇ ಇಲ್ಲ. ಅಪ್ಪ ಇದ್ದಿದ್ದರೆ ಇಡೀ ಚೀಲ ವಾಪಸು ಕಳಿಸುತ್ತಿದ್ದರು. ಈ ಜೊಳ್ಳನ್ನು ಗಾಳಿಯೇ ಹೊತ್ತೊಯ್ಯುತ್ತದೆಂದು ನಿರ್ಧರಿಸಿ ಡಬ್ಬಿಯನ್ನು ಅಟ್ಟಕ್ಕೇರಿಸಿದೆ. ಹಡಗಲಿಯಲ್ಲಿ ಅಕ್ಕಸಾಲಿ ಕೆಲಸದ ಪತ್ತಾರರೊಬ್ಬರ ಮನೆಯಲ್ಲಿ ಕೂತು, ಒಳಗೆಲ್ಲೂ ಪೊಳ್ಳಿಲ್ಲದ ಉದ್ದುದ್ದ ಸೀಸದ ಗುಂಡುಗಳನ್ನು ಎರಕ ಹೊಯ್ಯಿಸಿಕೊಂಡು ಬಂದೆ. ಅಂಗೈಯಲ್ಲಿ ತೂಗಿದರೆ ಏನು ಗಾಂಭೀರ್ಯ! ಈ ರಹಸ್ಯವನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಎಲ್ಲರೂ ಹೊಯ್ಯಿಸಿಕೊಳ್ಳುತ್ತಾರೆಂಬ ಅನುಮಾನ.

ಮುಂದಿನ ಭಾನುವಾರದ ಪಂದ್ಯದಲ್ಲಿ ನನ್ನ ಮೊದಲ ಗುಂಡು ಕಾಗದದ ಎಡ ಅಂಚಿಗೆ ಬಿತ್ತು, ಎರಡನೆಯದು ಬಲ ಮೂಲೆಗೆ, ಮೂರನೆಯದು ಪಕ್ಕದ ಚೀಲಕ್ಕೆ. ಬಿದ್ದ ತೂತುಗಳಾದರೂ ದುಂಡಗಿದ್ದವೇ? ಗುಂಡು ಅಡ್ಡಡ್ಡ ಮಲಗಿಕೊಂಡು ಹೋದಂತೆ ಒಂದೊಂದೂ ಉದ್ದುದ್ದ ಹರಿದಿತ್ತು. ಕೊಟ್ರೇಶ ಬಂದು ಆ ಕಾಗದ ಬಿಡಿಸಿ ತೂತುಗಳ ಮೇಲೆ ಬೆರಳಾಡಿಸಿ ನೋಡಿದ. ಅವನ ಆ ನೋಟದಲ್ಲಿ ಕಳ್ಳನ ಅಳುಕು ಕಂಡಂತಾಗಿ ನನ್ನ ನಾಲಿಗೆ ಹಿಡಿತ ತಪ್ಪಿತು.

"ಲೇ ಕೊಟ್ರಾ, ಗನ್ನಿನ ಒಳ್ಳೇ ನಳಿಗಿ ನೀ ಇಟಗೊಂಡು, ಬ್ಯಾರೇದು ಹಾಕಿ ಕೊಟ್ಟೀಯಲ್ಲೋ!"

ಗೋದಾಮಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಅವನು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, "ಅಂಗಡಿಗೆ ಬಾ ಮಾಸ್ತರ, ಬಿಚ್ಚಿ ತೋರಸ್ತೀನಿ" ಎಂದಷ್ಟೇ ಹೇಳಿದ. ಸಿಟ್ಟಾಗದವನು ತಪ್ಪಿತಸ್ಥನೇ ಇರಬೇಕೆಂದುಕೊಂಡು ನಾನು ಹೋಗಲಿಲ್ಲ. ಓದುಗರೇ, ಒಂದು ಮಾತು ನಿಮಗೆ ತಿಳಿದಿರಲಿ: ರಿಪೇರಿಯವನ ಮೇಲೆ ಕುಡುಕನೆಂದೋ ಸೋಮಾರಿಯೆಂದೋ ಅಪವಾದ ಬಂದರೆ ಅವನು ಬದುಕಿಕೊಂಡಾನು, ಆದರೆ ಸಾಮಾನು ಬದಲಿಸುತ್ತಾನೆ ಎಂದು ಬಂದರೆ ಅವನ ಅನ್ನಕ್ಕೇ ಕಲ್ಲು ಬಿದ್ದಂತೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ. ಆ ಭಾನುವಾರದ ನಂತರ ಕೊಟ್ರೇಶ ಹರಪನಹಳ್ಳಿಗೆ ಬರುವುದನ್ನೇ ಬಿಟ್ಟ, ಮತ್ತು ನಾನು ಅದನ್ನೂ ಸಾಕ್ಷ್ಯದ ಪಟ್ಟಿಗೆ ಸೇರಿಸಿದೆ.

ವರ್ಷದ ಮೇಲೆ ಒಂದು ದಿನ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಬೆಂಚಿನ ಆಚೆ ತುದಿಯಲ್ಲಿ ಇಬ್ಬರು ರೈತರು ಮೋಟಾರಿನ ಮಾತಾಡುತ್ತಿದ್ದರು. "ಕೊಟ್ಟೂರಾಗ ಆ ಲೇತಿನಾಂವ ಅದಾನಲ್ಲ, ಅವನ ಹತ್ರ ಬಿಟ್ಟು ಬರಬ್ಯಾಡ. ಮುಂದ ಕುಂತು ಮಾಡಿಸು. ಒಳಗಿನ ಸಾಮಾನು ಬದ್ಲಿ ಮಾಡ್ತಾನಂತ. ಮಾಸ್ತರೊಬ್ರು ಹೇಳ್ಯಾರ, ಸುಳ್ಳಾಗೂದುಂಟೇನು?" ಎಂದ ಒಬ್ಬ. ಹರಪನಹಳ್ಳಿಯಲ್ಲಿ ನಳಿಗೆಯಾಗಿ ಹೊರಟ ನನ್ನ ಮಾತು ಕೂಡ್ಲಿಗಿಗೆ ಬರುವಷ್ಟರಲ್ಲಿ ಪಂಪ್‌ಸೆಟ್ಟಾಗಿತ್ತು. ಮಾಸ್ತರನೆಂಬ ಮರ್ಯಾದೆ ಅದರ ಬೆನ್ನಿಗೆ ಗ್ಯಾರಂಟಿಯಾಗಿ ನಿಂತಿತ್ತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮರುದಿನವೇ ಗನ್ನನ್ನು ಗೋಣಿಯಲ್ಲಿ ಸುತ್ತಿಕೊಂಡು ಕೊಟ್ಟೂರಿಗೆ ಹೋದೆ.

ಅಂಗಡಿಯಲ್ಲಿ ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಕಡೆಯ ಹಿರಿಯ ರೈತನೊಬ್ಬ ಬಿಚ್ಚಿದ ಮೋಟಾರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ. ಕೊಟ್ರೇಶ ನನ್ನನ್ನು ನೋಡಿ "ಬಾ" ಎಂದ. ಗನ್ ಬಿಚ್ಚಿ, ಒಂದು ಸರಳಿನ ತುದಿಗೆ ಬಟ್ಟೆಯ ಚೂರನ್ನು ಬಿಗಿಯಾಗಿ ಸುತ್ತಿ, ಸರಳಿನ ಮೈಗೆ ಮಸಿಯ ಚುಕ್ಕೆಯಿಟ್ಟು ನಳಿಗೆಯೊಳಗೆ ನಿಧಾನವಾಗಿ ತಳ್ಳಿದ. ಒಳಗೋಡೆಯಲ್ಲಿ ಕೊರೆದ ತಿರುಪಿನ ಗೆರೆಗಳನ್ನು ಹಿಡಿದು ಸರಳು ತಾನೇ ಹೊರಳತೊಡಗಿತು. ಮೇಲಿದ್ದ ಚುಕ್ಕೆ ಕೆಳಗಿಳಿದು ಮತ್ತೆ ಮೇಲೆ ಬರುವಷ್ಟರಲ್ಲಿ ನಳಿಗೆಯೇ ಮುಗಿದುಹೋಯಿತು.

"ಮೊಳಕ್ಕ ಒಂದ ಸುತ್ತು. ನಾ ಹೊಡಿಯೋವಾಗಲೂ ಇಷ್ಟ ಇತ್ತು," ಎಂದು, "ನೀ ಎಂಥ ಗುಂಡು ಹಾಕಿದಿ?" ಎಂದು ಕೇಳಿದ.

ಜೇಬಿನಿಂದ ನನ್ನ ಘನಗಂಭೀರ ಗುಂಡುಗಳನ್ನು ತೆಗೆದುಕೊಟ್ಟೆ. ಅವನು ನಗಲಿಲ್ಲ, ಪಾಠ ಹೇಳಿದ. ಪೊಳ್ಳು ಪೆಲೆಟ್ಟಿಗೆ ತಲೆಯಲ್ಲಿ ಭಾರ, ಬಾಲದಲ್ಲಿ ಗಾಳಿಯ ತಡೆ. ಬ್ಯಾಡ್ಮಿಂಟನ್ನಿನ ಶಟಲ್ ಕಾಕಿನಂತೆ ಅದು ತಾನಾಗಿಯೇ ಮೂತಿ ನೆಟ್ಟಗಿಟ್ಟುಕೊಳ್ಳುವುದರಿಂದ ಮೊಳಕ್ಕೊಂದು ಸುತ್ತು ಧಾರಾಳವಾಯಿತು. ಉದ್ದನೆಯ ಗಟ್ಟಿ ಗುಂಡಿಗೆ ಆ ಅನುಕೂಲವಿಲ್ಲ. ಅದು ಬುಗುರಿಯಂತೆ ಬರೀ ತಿರುಗುವಿಕೆಯಿಂದಲೇ ನೆಟ್ಟಗಿರಬೇಕು, ಉದ್ದವಾದಷ್ಟೂ ಹೆಚ್ಚು ತಿರುಗಬೇಕು. ಸಾಲದೆ ಬಂದರೆ ಹಾದಿಯಲ್ಲೇ ಪಲ್ಟಿ ಹೊಡೆದು ಅಡ್ಡಡ್ಡ ಬೀಳುತ್ತದೆ. ಹಾಗಾದರೆ ಎಲ್ಲ ನಳಿಗೆಗೂ ತಿರುಪು ಬಿಗಿಯಾಗಿಯೇ ಇಡಬಾರದೇ ಎಂದು ನನ್ನೊಳಗಿನ ಶಂಕಾಪಿಶಾಚಿ ಕೇಳಿತು. "ಇಡಬೌದು. ಆಗ ಈ ಹಗೂರಂದು ದೂರ ಹೋದಂಗ ಹೋದಂಗ ಗಿರಕಿ ಹೊಡಿಯಾಕ ಹತ್ತತೈತಿ. ಯಾವ ಗುಂಡಿಗೆ ಯಾವ ತಿರುಪು ಅಂತ ನೋಡಬೇಕು ಮಾಸ್ತರ," ಎಂದವನು ತನ್ನ ಡಬ್ಬಿಯಿಂದ ಐದು ಪೆಲೆಟ್ ಹಾಕಿ ಹಿತ್ತಲಿನ ಚೀಲಕ್ಕೆ ಹೊಡೆದ. ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟು ಜಾಗದಲ್ಲಿದ್ದವು.

"ಅವತ್ತು ತೂತು ನೋಡಿದಾಗ್ಲೇ ತಪ್ಪು ಗುಂಡಿಂದಂತ ನಿನಗ ಗೊತ್ತಾಗಿತ್ತೇನೋ?" ಎಂದೆ.

"ಗೊತ್ತಾಗಿತ್ತು. ಅಷ್ಟು ಮಂದಿ ಮುಂದ ಮಾಸ್ತರಿಗೆ ತಿಳೀವಲ್ದು ಅಂತ ಹೆಂಗ ಹೇಳ್ಲೋ? ಅದಕ್ಕ ಅಂಗಡಿಗೆ ಬಾ ಅಂದೆ. ನೀ ಬರಲಿಲ್ಲ."

ನನ್ನ ಮಾನ ಕಾಯಲು ಅವನು ತನ್ನದನ್ನು ಕಳೆದುಕೊಂಡು ಕೂತಿದ್ದ. "ತಪ್ಪಾತು ಕೊಟ್ರಾ" ಎಂದೆ. ಅವನು ತಲೆಯಾಡಿಸಿ ಮೋಟಾರಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತ. ಅಷ್ಟಕ್ಕೇ ಸಮಾಧಾನವಾಗದೆ ನಾನು ಆ ರೈತನ ಕಡೆ ತಿರುಗಿದೆ.

"ಅಜ್ಜಾರ, ನೀವು ಊಟ ಮಾಡ್ಕೊಂಡು ಆರಾಮ ಬರ್ರಿ. ಇಲ್ಲಿ ಏನೂ ಬದ್ಲಿ ಆಗೂದಿಲ್ಲ. ಹಂಗಂತ ಹುಟ್ಟಿಸಿದ ಮಾಸ್ತರ ನಾನ. ಅದು ಸುಳ್ಳು."

ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದ. ನಾನು ಜೀವನವಿಡೀ ಪರರನ್ನು ನೋಡಿದ ನೋಟ ಅದು. ಗುರುತು ಹಿಡಿಯಲು ತಡವಾಗಲಿಲ್ಲ.

"ಆಗ ಹೇಳಿದ್ದು ಸುಳ್ಳೋ, ಈಗ ಹೇಳೂದು ಸುಳ್ಳೋ, ನನಗೇನು ಗೊತ್ತು ಬಿಡ್ರಿ," ಎಂದು ಸ್ಟೂಲನ್ನು ಮೋಟಾರಿನ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡ.

ಕೊಟ್ರೇಶ ತಲೆ ಎತ್ತಲಿಲ್ಲ. ಬಿಚ್ಚಿದ ಒಂದೊಂದು ಭಾಗವನ್ನೂ ಒರೆಸಿ, ರೈತನ ಕಣ್ಣಿಗೆ ಕಾಣುವಂತೆ ಗೋಣಿತಟ್ಟಿನ ಮೇಲೆ ಸಾಲಾಗಿ ಇಡುತ್ತ ಹೋದ. ಆ ಅಪವಾದಕ್ಕೆ ಮುಂಚೆ ಎಷ್ಟೋ ವರ್ಷ ಆ ಅಂಗಡಿಯಲ್ಲಿ ಕೂತೆದ್ದವನು ನಾನು. ಅವನು ಹಾಗೆ ಸಾಲಾಗಿ ಇಡುವುದನ್ನು ಹಿಂದೆಂದೂ ನೋಡಿರಲಿಲ್ಲ.