ಬಾಳೆದಿಂಡಿನ ಜಿಂಕೆ ಮತ್ತು ನನ್ನ ಹೊಟ್ಟೆಕಿಚ್ಚು

ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದರೆ ಎಲ್ಲರೂ ನೋಡುತ್ತಿದ್ದುದು ನನ್ನನ್ನೇ. ಹಗರೆ ಬಸ್ಸಿನ ಕಂಡಕ್ಟರು ಚಿಲ್ಲರೆಗಾಗಿ ಮೂಗಿನಲ್ಲಿ ಗೊಣಗುವುದು, ಚಿಕ್ಕಪ್ಪ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಮುಖ ಹುಳ್ಳಗೆ ಮಾಡುವುದು, ಕೊನೆಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ ನಾನೇ ಉಪ್ಪಿಟ್ಟು ನುಂಗಲಾರದೆ ಒದ್ದಾಡಿದ್ದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅಜ್ಜಿಗೆ ನಕ್ಕೂ ನಕ್ಕೂ ಕೆಮ್ಮು ಬರುತ್ತಿತ್ತು.

ಆಮೇಲೆ ಚಿಕ್ಕಪ್ಪನ ಮಗ ಬಿಲ್ಲು ತಂದ.

ನನಗಿಂತ ಸ್ವಲ್ಪ ಚಿಕ್ಕವನು. ಮಾತು ಅವನಿಗೆ ರೇಷನ್ ಅಂಗಡಿಯಿಂದ ಬಂದ ಹಾಗೆ. ಹೊರದೇಶದವರು ಮರದ ಬಿಲ್ಲು ಹಿಡಿದು ಕಾಡಿನಲ್ಲಿ ಜಿಂಕೆ ಹೊಡೆಯುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ತುದಿಗಳು ಮುಂದಕ್ಕೆ ಬಾಗಿದ ಅಂಥದೇ ಬಿಲ್ಲೊಂದನ್ನು ತರಿಸಿಕೊಂಡ. ನಮ್ಮದೋ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಎರಡೆರಡು ಸಲ ಕೇಳುವ ಮನೆ.

“ಜಿಂಕೆ ಹೊಡೆದ್ರೆ ಮಠದೋರು ಬಿಡ್ತಾರೇನ್ಲಾ?” ಎಂದೆ.

“ಅದಕ್ಕೆ ಮೊದ್ಲು ಫಾರೆಸ್ಟ್‌ನೋರು ಬಿಡಲ್ಲ ಕಣಣ್ಣ,” ಎಂದ.

ಅವನ ಜಿಂಕೆ ಗೋಣಿಚೀಲದ್ದು. ಒಳಗೆಲ್ಲ ತೆಂಗಿನ ನಾರು, ಕಾಲಿಗೆ ಗಳ, ಕೊಂಬಿಗೆ ಒಣ ರೆಂಬೆ. ಹಾರನಹಳ್ಳಿ ದಾರಿಯ ನಮ್ಮ ತೋಟದಲ್ಲಿ ದಿನಾ ಬೆಳಿಗ್ಗೆ ಅದಕ್ಕೆ ಸಾವು. ದನ ಹೊಡೆದುಕೊಂಡು ಹೋಗುವವರೂ ನಿಂತು ನೋಡುತ್ತಿದ್ದರು. ನಾನು ಪಕ್ಕದಲ್ಲಿ ಏನಾದರೂ ಶುರು ಮಾಡಿದರೆ, “ಸುಮ್ಕಿರಪ್ಪ, ಅವ್ನು ಗುರಿ ಹಿಡೀತಾವ್ನೆ” ಎನ್ನುತ್ತಿದ್ದರು. ನನಗೆ! ಸುಮ್ಮನಿರಲು!

ಆ ವರ್ಷ ಇನ್ನೊಂದು ಸಂಗತಿ ಸೇರಿಕೊಂಡಿತು. ದಸರೆಯ ಮರುದಿನ ನಮ್ಮೂರ ದೇವರು ಬೇಟೆಗೆ ಹೊರಡುವ ಪದ್ಧತಿಯಿದೆ. ಪಾರ್ವೇಟೆ ಎನ್ನುತ್ತೇವೆ. ಊರಾಚೆಯ ಬಯಲಿನಲ್ಲಿ ಬಾಳೆದಿಂಡಿನಿಂದ ಜಿಂಕೆ ಮಾಡಿ ನಿಲ್ಲಿಸುತ್ತಾರೆ. ದೇವರ ಪರವಾಗಿ ಪೂಜಾರಪ್ಪ ಬಾಣ ಬಿಡಬೇಕು. ಬಾಣ ತಪ್ಪಿದರೆ ಊರಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಪೂಜಾರಪ್ಪನಿಗೆ ಭುಜ ಹಿಡಿದುಕೊಂಡಿದ್ದರಿಂದ, “ಈ ಸಲ ನಿಮ್ಮನೆ ಹುಡುಗ್ರಲ್ಲಿ ಒಬ್ಬ ಹೊಡೀಲಿ” ಎಂದು ಗುಡಿಯವರು ಚಿಕ್ಕಪ್ಪನಿಗೆ ಹೇಳಿಕಳಿಸಿದರು. ಒಬ್ಬ ಎಂದರೆ ನಾನೂ ಆಗಬಹುದಲ್ಲ.

ಏನನ್ನಾದರೂ ಕಲಿಯಲು ನನಗೆ ಗೊತ್ತಿದ್ದುದು ಒಂದೇ ದಾರಿ, ಕಾಪಿ ಹೊಡೆಯುವುದು. ಅವನು ಪಾದ ಹೇಗಿಡುತ್ತಾನೆ, ಹೆದೆ ಎಳೆಯುವಾಗ ತುಟಿಯ ಯಾವ ಮೂಲೆ ಕಚ್ಚುತ್ತಾನೆ, ಉಸಿರನ್ನು ಎಲ್ಲಿ ನಿಲ್ಲಿಸುತ್ತಾನೆ, ಎಲ್ಲವನ್ನೂ ಕದ್ದೆ. ಅವನಿಲ್ಲದಾಗ ಬಿಲ್ಲು ಎತ್ತಿಕೊಂಡು ತೋಟಕ್ಕೆ ಹೋಗಿ ನಿಂತರೆ ಥೇಟ್ ಅವನೇ. ಬಾಣ ಮಾತ್ರ ಜಿಂಕೆಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ತಗಲುತ್ತಿತ್ತು. ಒಂದು ದಿನ ಪಂಪ್‌ಹೌಸಿನ ಬಾಗಿಲಿಗೆ ನೆಟ್ಟುಕೊಂಡಿತು. ಒಳಗಿದ್ದ ಚಿಕ್ಕಪ್ಪ ಹೊರಗೆ ಬಂದರು.

“ಏನ್ಲಾ, ನೀನು ಬರೆಯೋದು ಯಾವ ಕೈಯಾಗೆ?”

“ಬಲಗೈಲಿ.”

“ಮತ್ತೆ ಹೆದೆ ಯಾಕ್ಲಾ ಎಡಗೈಲಿ ಎಳೀತೀಯ? ಅವ್ನು ಎಡಚ ಕಣೋ!”

ಜೊತೆಯಲ್ಲೇ ಬೆಳೆದವನು ಎಡಚನೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಕದಿಯುವ ಭರದಲ್ಲಿ ಕೈಯನ್ನೂ ಕದ್ದಿದ್ದೆ, ಅಷ್ಟೆ. ಬಲಗೈಗೆ ಬದಲಾಯಿಸಿದ ಮೇಲೆ ಬಾಣ ಜಿಂಕೆಯ ಹಿಂಭಾಗಕ್ಕಾದರೂ ತಾಗಿತು. “ಇದು ಸಾಯಲ್ಲ, ಕುಂಟ್ತದೆ ಅಷ್ಟೆ” ಎಂದರು ಚಿಕ್ಕಪ್ಪ. ಪಾರ್ವೇಟೆಗೆ ಅವನೇ ಎಂದಾಯಿತು. ಅಂದು ನನಗೆ ಊಟ ಸೇರಲಿಲ್ಲ. ಸೇರಲಿಲ್ಲವೆಂದು ಯಾರೂ ಗಮನಿಸಲಿಲ್ಲ. ಅದಕ್ಕೂ ಉರಿಯಿತು.

ಪಾರ್ವೇಟೆಯ ದಿನ ಬೇಲೂರು, ಹಳೇಬೀಡು ಕಡೆಯ ನೆಂಟರೆಲ್ಲ ಬಂದಿದ್ದರು. ಬಿಲ್ಲು ಹಿಡಿದವನನ್ನು ನೋಡಿ ಹಳೇಬೀಡಿನ ಅತ್ತೆ, “ನಮ್ಮೂರ ಗುಡಿ ಗೋಡೇಲಿರೋ ಬೇಟೆಗಾರ ಇದ್ದಂಗೆ ಅವ್ನೆ ಕಣೇ” ಎಂದು ಅಮ್ಮನಿಗೆ ಹೇಳಿದರು. ನಾನೂ ಪಕ್ಕದಲ್ಲೇ ಇದ್ದೆ. ನನ್ನನ್ನು ಯಾವ ಗೋಡೆಗೂ ಹೋಲಿಸಲಿಲ್ಲ.

ಪೂಜೆ ಮುಗಿಯುವ ಹೊತ್ತಿಗೆ ಅವನು ನನ್ನನ್ನು ಆಲದ ಮರದ ಹಿಂದಕ್ಕೆ ಎಳೆದುಕೊಂಡು ಹೋದ.

“ಅಣ್ಣ, ಇಷ್ಟು ಜನ ನೋಡ್ತಿದ್ರೆ ಹೆಂಗೆ ನಿಂತ್ಕೋಬೇಕು ಅನ್ನೋದೇ ಮರ್ತೋಯ್ತು. ನಿಂಗೆ ಜನ ಅಂದ್ರೆ ಭಯ ಇಲ್ಲ. ನೀನೇ ಹೊಡೆದ್ಬಿಡು.”

ಬಿಲ್ಲನ್ನು ನನ್ನ ಕೈಗೇ ಇಟ್ಟ. ಮರದಾಚೆ ತಮಟೆ ಜೋರಾಯಿತು. ಊರೆಲ್ಲ ನನ್ನನ್ನು ನೋಡುವುದನ್ನು ಕಲ್ಪಿಸಿಕೊಂಡೆ; ದೇವರ ಜಿಂಕೆ ಕುಂಟುತ್ತ ಓಡುವುದನ್ನೂ ಕಲ್ಪಿಸಿಕೊಂಡೆ.

“ನೋಡಿಲ್ಲಿ,” ಎಂದು ಬಿಲ್ಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಹೆದೆ ಎಳೆದೆ. ಪಾದ, ತುಟಿ, ಉಸಿರು. ಬೆಳಿಗ್ಗೆ ತೋಟದಲ್ಲಿ ನಿಲ್ಲುತ್ತಿದ್ದ ಅವನೇ ಆಗಿಬಿಟ್ಟೆ. ಅವನು ನಗದೆ ನೋಡಿದ.

“ನಾನು ಹಿಂಗಾ ನಿಂತ್ಕೊಳ್ಳೋದು?”

“ಹಿಂಗೇ ಕಣೋ ದರಿದ್ರದೋನೆ. ಚೆನ್ನಾಗೇ ಕಾಣ್ತೀಯ. ಹೋಗು.”

ಹೋಗಿ, ನಾನು ನಿಂತ ಹಾಗೆಯೇ ನಿಂತ. ಬಾಣ ಬಾಳೆದಿಂಡಿನ ಎದೆಗೆ ಹೊಕ್ಕಿತು. ಜನ ಕೂಗಿದರು, ಚಿಕ್ಕಪ್ಪ ಕಣ್ಣೊರೆಸಿಕೊಂಡರು. ಹಾಗೆ ನಿಲ್ಲುವುದನ್ನು ತೋರಿಸಿಕೊಟ್ಟವನು ನಾನು ಎಂದು ಅರಚಬೇಕೆನಿಸಿತು. ಆದರೆ ತೋರಿಸಿದ್ದು ಅವನನ್ನೇ ಅಲ್ಲವೇ? ಯಾರಿಗೆ ಏನೆಂದು ಹೇಳಲಿ?

ಪ್ರಸಾದ ಹಂಚುವಾಗ ಅವನಿಗೆ ಎರಡು ದೊನ್ನೆ ಪುಳಿಯೋಗರೆ ಕೊಟ್ಟರು. ಒಂದನ್ನು ತಂದು ನನ್ನ ಕೈಗಿಟ್ಟ. ಪೂರ್ತಿ ತಿಂದು, ಉಪ್ಪು ಕಡಿಮೆ ಎಂದೆ.