ಚೌಕಾಸಿ ಇಲ್ಲದ ಹರಕೆ

ಕಾರವಾರದ ನನ್ನ ಕಿರಾಣಿ ಅಂಗಡಿಗೆ ಮೈದಾ ಒಯ್ಯಲು ಬರುತ್ತಿದ್ದ, ಪಾವು ರೊಟ್ಟಿ ಬೇಯಿಸಿ ಮಾರುವ ಕ್ರಿಶ್ಚಿಯನ್ ಹೆಂಗಸು, ಊರೆಲ್ಲ ಕರೆಯುವ 'ಬಾಯಿ', ಚೌಕಾಸಿಯಲ್ಲಿ ನನ್ನನ್ನೂ ಸೋಲಿಸುತ್ತಿದ್ದಳು. ಗೆದ್ದ ಮೇಲೆ "ದೇವರಿದ್ದಾನೆ ಸಾವ್ಕಾರ್ರೇ" ಎಂದು ಚೀಲ ಹೊರುವಳು.

ಒಮ್ಮೆ ಗಾಳಿಗೆ ಸಿಕ್ಕಿ ಅವಳ ಗಂಡನ ಮೀನುಬೋಟು ಅಂಕೋಲಾದಾಚೆ ಕಾಣೆಯಾಯಿತು. ಸಲಹೆ ಕೊಡದೆ ನನಗೆ ಆಗುವುದಿಲ್ಲ. "ನಿಮ್ಮ ಇಗರ್ಜಿ ದೇವರಿಗೆ ಆಳೆತ್ತರದ ಮೇಣದಬತ್ತಿ ಹರಕೆ ಹೇಳ್ಕೋ ಬಾಯಿ. ಕೊಡೂದು ಮಾತ್ರ ಅವ ಬಂದ ಮೇಲೆ" ಎಂದೆ.

"ಚೌಕಾಸಿ ಎಲ್ಲ ನಿಮ್ಮ ಹತ್ರ. ದೇವರು ಅಪ್ಪ ಅಲ್ವಾ, ಅವನ ಹತ್ರ ಎಂಥಾ ಚೌಕಾಸಿ? ಗಂಡನ್ನ ಅವನ ಕೈಗೆ ಒಪ್ಪಿಸಿ ಆಯ್ತು. ಬೋಟಿನವರು ಹಸ್ಕೊಂಡು ಬರ್ತಾರೆ, ಮೈದಾ ತೂಗಿ."

ದರ ಮಾತ್ರ ಇಳಿಸಿಯೇ ಒಯ್ದಳು.

ಸಂಜೆಯಾದರೂ ಬೋಟು ಬರಲಿಲ್ಲ. ಆರಿದ ಪಾವನ್ನು ದಂಡೆಯಲ್ಲಿ ಕಾಯುತ್ತಿದ್ದವರಿಗೆ ಹಂಚಿ, ಮತ್ತೆ ಮೈದಾಕ್ಕೆ ಬಂದಳು. ಮರುದಿನ ದಡ ಹತ್ತಿದ ಗಂಡನ ಕೈಗೆ ಅವಳು ಇಟ್ಟದ್ದು ಬಿಸಿ ಪಾವು.