ವಿಭೂತಿ ಹಚ್ಚುವ ಮನೆಯ ಬೇಸ್ ಗಿಟಾರಿಗೆ ಯಾವ ತಂತಿ?

2023ರ ಕಾರ್ತಿಕ ಮಾಸ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆಗಲೂ ಈಗಲೂ ನನ್ನದು ವಾದ್ಯ ರಿಪೇರಿ ಅಂಗಡಿ. ಹಾರ್ಮೋನಿಯಂ ಬಂದರೆ ತಿದಿ ಸರಿಮಾಡುತ್ತೇನೆ, ತಬಲಾ ಬಂದರೆ ಬಾರು ಬಿಗಿಯುತ್ತೇನೆ, ಗಿಟಾರ್ ಬಂದರೆ ತಂತಿ ಬದಲಿಸುತ್ತೇನೆ. ಲಗ್ನದ ಕಾಲ ಶುರುವಾದರೆ ಹನೂರಿನಿಂದ ಯಳಂದೂರಿನವರೆಗೆ ಎಲ್ಲ ಆರ್ಕೆಸ್ಟ್ರಾದವರಿಗೂ ಒಟ್ಟಿಗೇ ಕೆಲಸ ಬರುತ್ತದೆ, ಅವರ ವಾದ್ಯಗಳಿಗೆ ಒಟ್ಟಿಗೇ ಕಾಯಿಲೆಯೂ ಬರುತ್ತದೆ.

ಬೇಸ್ ಗಿಟಾರ್ ಅಂದರೆ ಏನು ಎಂದು ಕೇಳುವವರಿಗೆ ನಾನು ಸಾರಿನ ಉಪ್ಪು ಅನ್ನುತ್ತೇನೆ. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಾಗ ಎಲ್ಲರೂ ಮುಖ ಕಿವುಚುತ್ತಾರೆ. ಅದಕ್ಕೆ ಸಾಮಾನ್ಯವಾಗಿ ನಾಲ್ಕೇ ತಂತಿ, ಅವೂ ದಪ್ಪ. ಹಾಗೆಂದು ಎಲ್ಲ ಬೇಸಿಗೂ ಒಂದೇ ತಂತಿ ಹೊಂದುವುದಿಲ್ಲ. ತಂತಿ ಮಿಡಿಯುವ ಭಾಗ ಮೂವತ್ತನಾಲ್ಕು ಇಂಚು ಉದ್ದವಿದ್ದರೆ ಅದು ಲಾಂಗ್ ಸ್ಕೇಲ್, ಮೂವತ್ತು ಇಂಚಿದ್ದರೆ ಶಾರ್ಟ್ ಸ್ಕೇಲ್. ಐದು ತಂತಿಯ ಬೇಸಿಗೆ ಇನ್ನೂ ದಪ್ಪದ್ದೊಂದು ಬೇಕು. ಕುತ್ತಿಗೆಯ ಮೇಲೆ ಲೋಹದ ಪಟ್ಟಿಗಳೇ ಇಲ್ಲದ ಫ್ರೆಟ್‌ಲೆಸ್ ಬೇಸಿಗೆ ಒರಟು ತಂತಿ ಹಾಕಿದರೆ ಅದು ಮರವನ್ನೇ ಉಜ್ಜಿ ತಿನ್ನುತ್ತದೆ. ಹೆಣ್ಣು ಗಂಡಿನ ಜಾತಕ ನೋಡಿದ ಹಾಗೆ ತಂತಿಗೂ ಗಿಟಾರಿಗೂ ಕೂಡಿಬರುತ್ತದೆಯೇ ಎಂದು ನೋಡಬೇಕು. ನನಗೆ ಆ ಜಾತಕ ಚೆನ್ನಾಗಿ ಗೊತ್ತು ಎಂದೇ ನಾನು ಅಂದುಕೊಂಡಿದ್ದೆ.

ರಾಮಾಪುರದ ನಾಗಮಲ್ಲು ಬೆಳಿಗ್ಗೆ ಹಾಲಿನ ವ್ಯಾನ್ ಓಡಿಸುವವನು, ಸಂಜೆ ಹನೂರಿನ ಮಾದೇಶನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುವವನು. ಅವನದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಶಾರ್ಟ್ ಸ್ಕೇಲ್ ಬೇಸ್. ದಸರಾಕ್ಕೆ ಮುಂಚೆ ನಾನೇ ಹೊಸ ತಂತಿ ಹಾಕಿಕೊಟ್ಟಿದ್ದೆ. ಕಾರ್ತಿಕದ ಹೊತ್ತಿಗೆ ಅವನು ಮೂರನೇ ಸಲ ಅಂಗಡಿ ಮೆಟ್ಟಿಲು ಹತ್ತಿದ.

"ಸಾ, ಇದು ಉಸ್ರೇ ಬುಡಲ್ದು. ಹಾಕ್ದಾಗ ಗಂಟೆ ಬಾರ್ಸದಂಗ ಕೇಳ್ತದ. ವಾರ ಕಳದ್ರ ಗೋಣಿಚೀಲ ಬಡ್ದಂಗ ಆಯ್ತದ."

ನಾನು ಹಾಕಿದ್ದು ರೌಂಡ್‌ವೌಂಡ್ ಎಂಬ ತಂತಿ. ನಡುವೆ ಉಕ್ಕಿನ ಎಳೆ, ಅದರ ಸುತ್ತ ದುಂಡನೆಯ ಸಣ್ಣ ತಂತಿಯ ಸುರುಳಿ. ಬೆರಳಿಟ್ಟರೆ ಬಾವಿಹಗ್ಗದ ಹುರಿಯಂತೆ ಏರುತಗ್ಗು. ಅದರ ಹೊಳಪಿನ ನಾದವೇ ಈಗಿನ ಹುಡುಗರಿಗೆ ಬೇಕು. ಕನ್ನಡಕ ಏರಿಸಿ ನೋಡಿದರೆ, ಸುರುಳಿಯ ಸಂದಿಗಳಲ್ಲೆಲ್ಲ ಯಾರೋ ಗಾರೆ ಮೆತ್ತಿದ ಹಾಗೆ ಬೆಳ್ಳನೆಯ ಜಿಡ್ಡು. ಕೊಳೆ ತುಂಬಿದ ತಂತಿ ಮಿಡಿಯುವುದಿಲ್ಲ, ಒದ್ದಾಡುತ್ತದೆ.

"ಮದುವೆ ಮನೆಯಲ್ಲಿ ಬಜ್ಜಿ ತಿಂದ ಕೈಯಲ್ಲೇ ನುಡಿಸುತ್ತೀಯೇನಪ್ಪ?" ಎಂದೆ.

"ಎರಡೇ ತಿನ್ನದು ಸಾ."

ರೋಗ ಸಿಕ್ಕಿತು ಎಂದು ನನಗೆ ಖುಷಿಯಾಯಿತು. ಬಜ್ಜಿ ಬಿಡಿಸಿದೆ. ಬೆವರಿನ ಉಪ್ಪೂ ಇರಬಹುದೆಂದು ಉಪ್ಪಿನಕಾಯಿ ಬಿಡಿಸಿದೆ. ಪ್ರತಿ ಹಾಡಿನ ಮುಂಚೆ ಕೈ ತೊಳೆಯಲು ಹೇಳಿದೆ. ಸುರುಳಿಯೂ ಸ್ಟೀಲಿನದಾದ ಬೇರೆ ತಂತಿಯನ್ನೂ ಹಾಕಿಕೊಟ್ಟೆ. ನಾಗಮಲ್ಲು ವೇದಿಕೆಯ ಮೇಲೆ ಸೋಪು, ಚೊಂಬು, ಟವಲ್ ಇಟ್ಟುಕೊಂಡು ನಿಂತನಂತೆ. ಕೀಬೋರ್ಡಿನ ಬಸವರಾಜು ಮೈಕಿನಲ್ಲೇ, "ಬೇಸ್ ಪೂಜಾರಪ್ಪೋರು ಮಡಿ ಮುಗಿಸ್ಕಳ್ಳಿ, ಆಮ್ಯಾಲೆ ಹಾಡು ಸುರು ಮಾಡಮ" ಎಂದನಂತೆ. ಇಷ್ಟಾದರೂ ವಾರದ ಮೇಲೆ ತಂತಿ ಮತ್ತೆ ಸತ್ತಿತು.

ಈ ಸಲ ಮಾದೇಶನೂ ಜೊತೆಯಲ್ಲಿ ಬಂದ. ಆಳು ದಪ್ಪ, ಮಾತು ಅದಕ್ಕಿಂತ ದಪ್ಪ.

"ನೋಡಿ ಸಾ, ಮುಂದಿನ ಭಾನುವಾರ ಯಳಂದೂರಲ್ಲಿ ದೊಡ್ಡ ರಿಸೆಪ್ಸನ್ನು. ಬೇಸು ಕೇಳ್ಲಿಲ್ಲ ಅಂದ್ರ ಬಸವರಾಜನೇ ಕೀಬೋರ್ಡಲ್ಲಿ ಎಡಗೈಲಿ ಬೇಸು ಹೊಡ್ಕತೀನಿ ಅಂತಾವ್ನೆ. ಲೇ ಮಲ್ಲು, ಆಮ್ಯಾಲೆ ನೀನು ಹಾಲಿನ ವ್ಯಾನ್ಗೇ ಬೇಸು ಬಾರ್ಸ್ಕಬೇಕಾಯ್ತದ ಕಣ್ಲಾ."

ನಾಗಮಲ್ಲು ನಗಲಿಲ್ಲ. ಮಾದೇಶ ಹೋದ ಮೇಲೂ ಗಿಟಾರಿನ ಕುತ್ತಿಗೆ ಹಿಡಿದುಕೊಂಡು ನಿಂತಿದ್ದ. "ಸಾ, ವಾರ್ವೆಲ್ಲಾ ನಂಗ ಇದೊಂದೇ ನ್ಯಪ್ಪು. ಹಾಲಿನ ಕ್ಯಾನು ಎತ್ವಾಗ್ಲೂ ಕೈಬಟ್ಟು ಇದ್ನೇ ಬಾರುಸ್ತಾ ಇರ್ತವ" ಎಂದ. ಆ ಮಾತು ಕೇಳಿದ ಮೇಲೆ ಅಂಗಡಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಅವನ ಮನೆಯಲ್ಲಿ ಗಿಟಾರ್ ಇಡುವ ಜಾಗದಲ್ಲೇ ಏನೋ ತೇವವೋ ಧೂಳೋ ಇರಬೇಕು, ಕಣ್ಣಾರೆ ನೋಡೋಣ ಎಂದು ಸೋಮವಾರ ಬೆಳಿಗ್ಗೆ ಹನೂರಿನ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ರಾಮಾಪುರಕ್ಕೆ ಹೋದೆ.

ನಾಗಮಲ್ಲು ಹಾಲು ಹಾಕಿ ಇನ್ನೂ ಬಂದಿರಲಿಲ್ಲ. ಜಗಲಿಯ ಮೇಲೆ ಅವನ ತಾಯಿ ಮಾದಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟುಕೊಂಡು ಕುಳಿತಿದ್ದರು. ಎದುರಿಗೆ ಮಣೆ. ಮಣೆಯ ಮೇಲೆ ಬೇಸ್ ಗಿಟಾರ್. ಪಕ್ಕದಲ್ಲಿ ಒಂದು ಉಂಡೆ ಹುಣಸೆಹಣ್ಣು. ನಾನು ನೋಡನೋಡುತ್ತಿದ್ದಂತೆ ಆಕೆ ದೀಪದ ಕಂಬ ಬೆಳಗುವ ಹಾಗೆ ನಾಲ್ಕೂ ತಂತಿಗಳನ್ನು ಮೇಲಿಂದ ಕೆಳಕ್ಕೆ ಹುಣಸೆಹಣ್ಣಿನಿಂದ ತಿಕ್ಕಿದರು. ಒದ್ದೆ ಬಟ್ಟೆಯಲ್ಲಿ ಒರೆಸಿದರು. ತುಕ್ಕು ಹಿಡಿಯದಿರಲಿ ಎಂದು ಹರಳೆಣ್ಣೆ ಸವರಿದರು. ಕೊನೆಗೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ತಂತಿಗಳ ಮೇಲೆ ಅಡ್ಡಡ್ಡ ಎಳೆದರು. ಹರಳೆಣ್ಣೆಯ ಮೇಲೆ ವಿಭೂತಿ! ನಾನು ಕಂಡ ಗಾರೆಯ ಮೇಸ್ತ್ರಿ ಇವರೇ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಆಯುಧಪೂಜೆಯಲ್ಲಿ ನೇಗಿಲಿನಿಂದ ಸ್ಕೂಟರಿನವರೆಗೆ ಎಲ್ಲಕ್ಕೂ ಪೂಜೆ ಉಂಟು. ನನ್ನ ಅಂಗಡಿಗೆ ಕುಂಕುಮದ ಬೊಟ್ಟಿಲ್ಲದ ವಾದ್ಯ ಬಂದರೇ ಇದು ಯಾವ ಊರಿನದಪ್ಪ ಎಂದು ನನಗೆ ಅನುಮಾನ. ಹಾಗಾಗಿ ಈ ಬೇಸಿನ ಮೇಲಿದ್ದ ಬೊಟ್ಟನ್ನು ನೋಡಿಯೂ ನೋಡಿರಲಿಲ್ಲ. ಮಾದಮ್ಮನವರು ಆಯುಧಪೂಜೆಯಲ್ಲಿ ಶುರುಮಾಡಿದ್ದನ್ನು ಮಲೆಯ ದೇವರು ಮಾದಪ್ಪನ ವಾರವೆಂದು ಪ್ರತಿ ಸೋಮವಾರ ನಡೆಸಿಕೊಂಡು ಬಂದಿದ್ದರು, ಅಷ್ಟೇ.

ಅಷ್ಟರಲ್ಲಿ ನಾಗಮಲ್ಲು ಬಂದ. "ಇದನ್ನು ಯಾಕಪ್ಪ ನನಗೆ ಹೇಳಲಿಲ್ಲ?" ಎಂದೆ.

"ವ್ಯಾನ್ಗೂ ಮಾಡ್ತದ ಸಾ ಅವ್ವ. ಅದ್ರಲ್ಲಿ ಯೋಳದೇನದ?"

ಮಾದಮ್ಮ ಇಬ್ಬರ ಮುಖವನ್ನೂ ನೋಡಿದರು. "ಯಾಕಣ್ಣಾ, ಏನಾರ ತಪ್ಪಾಯ್ತಾ?"

ಮಗನ ಕೆಲಸ ಹೋಗುತ್ತಿರುವುದು ನಿಮ್ಮ ಭಕ್ತಿಯಿಂದ ಎಂದು ಯಾವ ಬಾಯಲ್ಲಿ ಹೇಳುವುದು? ನಮ್ಮ ಅಜ್ಜಿ ಹೇಳುತ್ತಿದ್ದಳು, ತಾಯಿಯ ಕೈ ತಡೆಯುವ ಮೊದಲು ತಟ್ಟೆ ಬದಲಿಸು ಅಂತ. ಆದರೂ ಹುಣಸೆಹಣ್ಣನ್ನು ಬಿಡಿಸಲೇಬೇಕಿತ್ತು.

"ತಾಯಿ, ಇದು ಹಿತ್ತಾಳೆಯಲ್ಲ. ಸ್ಟೀಲು."

ಆಕೆ ತಂತಿಯನ್ನು ಬಗ್ಗಿ ನೋಡಿದರು. "ಸ್ಟೀಲಾ? ಇದ್ನ ಮೊದ್ಲೇ ಯೋಳ್ಬಾರ್ದಾ! ಸ್ಟೀಲ್ಗ ಯಾರಾರ ಉಣ್ಸೆಅಣ್ಣು ದಂಡ ಮಾಡಾರಾ?" ಎಂದು ಉಂಡೆಯನ್ನು ಒಳಗಿಟ್ಟು ಬಂದರು. "ಎಣ್ಣೆ, ಈಬೂತಿ ಮಾತ್ರ ಬುಡಾಕಾಗಲ್ಲ ಕಣಣ್ಣಾ. ದುಡ್ಯೋ ಸಾಮಾನು."

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಹೊಳೆದದ್ದು ಫ್ಲ್ಯಾಟ್‌ವೌಂಡ್ ತಂತಿ. ಇದರಲ್ಲಿ ಸುರುಳಿ ಸುತ್ತುವುದು ದುಂಡು ತಂತಿಯಿಂದಲ್ಲ, ಚಪ್ಪಟೆ ಪಟ್ಟಿಯಿಂದ. ಮೈ ನುಣುಪು, ಸಂದಿಯೇ ಇಲ್ಲ. ಎಣ್ಣೆಯನ್ನಾದರೂ ಹಚ್ಚಲಿ, ವಿಭೂತಿಯನ್ನಾದರೂ ಹಚ್ಚಲಿ, ಬಟ್ಟೆಯಲ್ಲಿ ಒಮ್ಮೆ ಎಳೆದರೆ ಹೋಗಬೇಕು. ನನ್ನ ಕಪಾಟಿನಲ್ಲಿ ಯಾರೂ ಕೇಳದ ಒಂದು ಸೆಟ್ ಇತ್ತು. ಆದರೆ ಅದು ಲಾಂಗ್ ಸ್ಕೇಲಿನದು. ಶಾರ್ಟ್ ಸ್ಕೇಲಿಗೆ ಹಾಕಿದರೆ ಅದರ ದಪ್ಪ ಭಾಗವೇ ಹೋಗಿ ಬಿರಡೆಗೆ ಸುತ್ತಿಕೊಳ್ಳುತ್ತದೆ, ಚಪ್ಪಟೆ ಪಟ್ಟಿ ಅಲ್ಲಿ ಬಿರುಕು ಬಿಡುತ್ತದೆ. ಮೈಸೂರಿನ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಒಬ್ಬರಲ್ಲಿ ಶಾರ್ಟ್ ಸ್ಕೇಲಿನದು ಸಿಕ್ಕಿತು. ಭಾನುವಾರ ಬೆಳಿಗ್ಗೆ ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ್ ಟಿಕೆಟ್ ಚೀಲದಿಂದ ತೆಗೆದು ಕೊಟ್ಟರು. ನಾಗಮಲ್ಲು ಗಿಟಾರ್ ಹಿಡಿದು ಅಂಗಡಿಗೆ ಬಂದ. ಫ್ಲ್ಯಾಟ್‌ವೌಂಡಿನ ಎಳೆತ ಹೆಚ್ಚು. ಕುತ್ತಿಗೆ ಮುಂದಕ್ಕೆ ಬಾಗದಂತೆ ಒಳಗಿನ ಉಕ್ಕಿನ ಸರಳನ್ನು ಸ್ವಲ್ಪ ಬಿಗಿದು, ತಂತಿ ಏರಿಸಿದೆ. ಮಾದಮ್ಮನವರ ಹರಳೆಣ್ಣೆ, ವಿಭೂತಿಯನ್ನೂ ಅಲ್ಲೇ ನಾಗಮಲ್ಲುವಿನಿಂದ ಹಚ್ಚಿಸಿ, ಒರೆಸಿಸಿ, ನುಡಿಸಿ ನೋಡಿದ್ದಾಯಿತು. ನಾದ ಹಾಗೇ ಇತ್ತು.

ಸಂಜೆ ಯಳಂದೂರಿನ ಛತ್ರಕ್ಕೆ ನಾನೂ ಹೋದೆ. ಫ್ಲ್ಯಾಟ್‌ವೌಂಡಿನಲ್ಲಿ ಹೊಳಪು ಕಡಿಮೆ, ಗುಂಡಿಗೆಯ ಬಡಿತದಂಥ ದುಮ್ ದುಮ್. ಮಾದೇಶ ಮೊದಲ ಮಿಡಿತಕ್ಕೇ ಹುಬ್ಬು ಗಂಟಿಕ್ಕಿದ.

"ಇದೇನ್ಲಾ ಇದು, ಒನಕೇಲಿ ರಾಗಿ ಕುಟ್ಟದಂಗ ಅದ? ಎರಡು ಹಾಡು ನೋಡ್ತೀನಿ. ಆಮ್ಯಾಲೆ ಬಸವರಾಜಂಗ ಬುಟ್ಬುಡು."

ನಾಗಮಲ್ಲು ನನ್ನ ಕಡೆ ನೋಡಿದ. ನಾನು ಧೈರ್ಯ ಹೇಳುವವನಂತೆ ತಲೆಯಾಡಿಸಿ, ನನಗೇ ಧೈರ್ಯ ಸಾಲದೆ ಊಟದ ಮನೆಗೆ ಹೋಗಿಬಿಟ್ಟೆ. ಎರಡನೇ ಹಾಡಿನ ನಡುವೆ ಮಾದೇಶನೂ ಅಲ್ಲಿಗೆ ಬಂದ. ವೇದಿಕೆಯ ಮೇಲೆ ನಿಂತವನಿಗೆ ದೂರಕ್ಕೆ ಹೇಗೆ ಕೇಳುತ್ತದೆ ಎಂದು ತಿಳಿಯುವುದಿಲ್ಲವಲ್ಲ. ಗೋಡೆಯಾಚೆಯಿಂದ ಹಾಡಿನ ಮಾತು ಅಸ್ಪಷ್ಟ, ಕೀಬೋರ್ಡು ಕಿವಿಗೇ ಬೀಳುತ್ತಿರಲಿಲ್ಲ. ಬೇಸ್ ಮಾತ್ರ ನೆಲದಲ್ಲಿ ನಡೆದು ಬರುತ್ತಿತ್ತು.

ಸಾಂಬಾರಿನ ಬಕೆಟ್ ಹಿಡಿದವನು ದುಮ್ ಅಂದಾಗ ಒಂದು ಸೌಟು, ಮತ್ತೆ ದುಮ್ ಅಂದಾಗ ಮುಂದಿನ ಎಲೆಗೆ ಒಂದು ಸೌಟು ಹಾಕುತ್ತ ಹೋಗುತ್ತಿದ್ದ. ಹಿಂದೆ ಹಪ್ಪಳದವನೂ ಅದೇ ಹೆಜ್ಜೆ. ಹಾಡು ಚುರುಕಾಯಿತು, ಬಡಿಸುವವರೂ ಚುರುಕಾದರು. ಎಲೆಯ ಮುಂದೆ ಕುಳಿತ ಯಜಮಾನರೊಬ್ಬರು, "ನಿಧಾನ ಕಣ್ರಯ್ಯಾ, ಮಳ್ಳು ಬಂದೋರಂಗ ಸುರೀತೀರಲ್ಲಾ!" ಎಂದು ಎರಡೂ ಕೈ ಎಲೆಗೆ ಅಡ್ಡ ಹಿಡಿದರು.

ಮಾದೇಶ ಇದನ್ನೆಲ್ಲ ಬಾಯಿ ತೆರೆದು ನೋಡಿದ. ನೋಡನೋಡುತ್ತ ಅವನ ಕಾಲೂ ಕುಣಿಯತೊಡಗಿತು. ಸರಸರನೆ ವೇದಿಕೆಗೆ ಹೋಗಿ, "ಬಸವರಾಜಾ, ನಿನ್ ಎಡಗೈನ ಜೇಬಲ್ಲೇ ಇಟ್ಕಳಪ್ಪ. ಬೇಸು ಮಲ್ಲುದೇ" ಎಂದ. ನಾಗಮಲ್ಲು ತಲೆ ಎತ್ತದೆ ನುಡಿಸುತ್ತಲೇ ಇದ್ದ. ಕಣ್ಣು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬೇಸಿಗೆ ಇಷ್ಟು ಗುಂಡಿಗೆ ಎಲ್ಲಿಂದ ಬಂತು ಎಂದು ಮಾದೇಶ ಕೇಳಿದ್ದಾನೆ. ನಾಗಮಲ್ಲು ಹುಣಸೆಹಣ್ಣಿನಿಂದ ಹಿಡಿದು ತಂತಿಯವರೆಗೆ ಎಲ್ಲವನ್ನೂ ಹೇಳಿದ್ದಾನೆ. ಮಾದೇಶನ ಕಿವಿಗೆ ಹತ್ತಿದ್ದು ಮಾದಮ್ಮನವರ ಪೂಜೆ ಒಂದೇ. ಮಂಗಳವಾರ ನಾನು ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಬಸವರಾಜು ಕೀಬೋರ್ಡನ್ನು ಮಗುವಿನಂತೆ ಎತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಬಿಳಿಯ ಕೀ, ಕರಿಯ ಕೀ ಎಲ್ಲಕ್ಕೂ ಹರಳೆಣ್ಣೆ, ಅದರ ಮೇಲೆ ಅಡ್ಡಡ್ಡ ಮೂರು ಗೆರೆ. ಒಂದನ್ನು ಒತ್ತಿದೆ. ಒಳಗೆ ಹೋದದ್ದು ಮೇಲೆ ಬರಲಿಲ್ಲ.

"ಇದ್ಕೂ ಆ ಚಪ್ಪಟೆ ಕೀ ಏನಾರ ಬತ್ತದಾ ಸಾ?" ಎಂದ ಬಸವರಾಜು.

ಈ ಕಸುಬು ನನಗೆ ಕಲಿಸಿದ್ದು ಇಷ್ಟು. ತಂತಿಯ ದಪ್ಪ, ಉದ್ದ, ಲೋಹಗಳನ್ನು ಪ್ಯಾಕೆಟ್ಟಿನ ಮೇಲೆ ಯಾರು ಬೇಕಾದರೂ ಓದಬಹುದು. ಗಿಟಾರ್ ಯಾವ ಮನೆಯಲ್ಲಿ ಬಾಳುತ್ತದೆ, ಅದನ್ನು ಯಾರು ಎಷ್ಟು ಪ್ರೀತಿಸುತ್ತಾರೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಈಗ ಮಧುವನಹಳ್ಳಿಯಿಂದ ಐದು ತಂತಿಯ ಬೇಸ್ ಬರಲಿ, ಹೂಗ್ಯಂನಿಂದ ನಾಲ್ಕು ತಂತಿಯದು ಬರಲಿ, ಸ್ಕೇಲ್ ಅಳೆಯುವ ಮೊದಲು ಸ್ಟೂಲ್ ಎಳೆದು ಕೂರಿಸಿ ಕೇಳುತ್ತೇನೆ: "ಮನೆಯಲ್ಲಿ ಪೂಜೆ ಮಾಡುವವರು ಯಾರಪ್ಪ? ಎಣ್ಣೆ ಯಾವುದು?"